ಕಿಂಡಿ ಮೇಷ್ಟ್ರ ಅಲಮಾರಿ

ನಾಟಕ ನಡೆಯುವಾಗ ನನ್ನ ಗಂಡ ರಂಗದ ಕಡೆ ನೋಡುತ್ತಿರಲಿಲ್ಲ. ರಂಗಕ್ಕೆ ಬೆನ್ನು ಹಾಕಿ, ಪಕ್ಕದ ಗೋಡೆಯಲ್ಲಿ ಬಡಗಿಯಿಂದ ಕೊರೆಸಿಕೊಂಡ ಕಿಂಡಿಗೆ ಕಣ್ಣು ಹಚ್ಚಿ, ಪರದೆ ಎದ್ದಲ್ಲಿಂದ ಬೀಳುವವರೆಗೆ ಪ್ರೇಕ್ಷಕರ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಬರೆಯುವವರು ಅವರೇ, ಆಡಿಸುವವರೂ ಅವರೇ, ಹಾಗಾಗಿ ಕೇಳುವವರಿರಲಿಲ್ಲ. ಕಂಪನಿಯವರು ಅವರಿಗೆ ಕಿಂಡಿ ಮೇಷ್ಟ್ರು ಅಂತ ಹೆಸರಿಟ್ಟು ವರ್ಷಗಳಾದವು. ಅವರೊಬ್ಬರಿಗೆ ಆ ಹೆಸರು ಗೊತ್ತಿಲ್ಲ.

"ರಂಗದ ಮೇಲೆ ಏನಾಗುತ್ತೆ ಅಂತ ನನಗೆ ಗೊತ್ತು, ಬರೆದೋನು ನಾನೇ ಅಲ್ವಾ?" ಅನ್ನುತ್ತಿದ್ದರು. "ಅದು ಇವರ ಮುಖದ ಮೇಲೆ ಏನು ಮಾಡುತ್ತೆ, ಅದು ನನಗೆ ಬೇಕು."

ಹೊಸದಾಗಿ ಸೇರಿದ ಪ್ರತಿಯೊಬ್ಬ ನಟನಿಗೂ ಅವರು ಬಣ್ಣದ ಕೋಣೆಯಲ್ಲಿ ನಿಲ್ಲಿಸಿ ಒಂದು ಪಾಠ ಹೇಳುತ್ತಾರೆ. ನನಗೆ ಅದು ಬಾಯಿಪಾಠವಾಗಿದೆ.

"ಅಲಮಾರಿ ಒಳಗೆ ಒಬ್ಬ ಬಚ್ಚಿಟ್ಕೊಂಡಿದ್ದಾನೆ ಅಂತಿಟ್ಕೋ. ಅದನ್ನ ಕೊನೇಲಿ ಹೇಳಿದ್ರೆ ಜನ ಒಂದು ಸಲ ಬೆಚ್ಚಿಬಿದ್ದು ಎದ್ದು ಮನೆಗೆ ಹೋಗ್ತಾರೆ. ಮೊದಲೇ ಹೇಳಿಬಿಟ್ರೆ? ಯಜಮಾನ ಅಲಮಾರಿ ಪಕ್ಕ ಸುಮ್ನೆ ಹಾದು ಹೋದ್ರೂ ಸಾಕು, ಕೂತವರ ಉಸಿರು ನಿಲ್ಲುತ್ತೆ. ಅವನು ಅದಕ್ಕೆ ಒರಗಿ ಆಕಳಿಸಿದ್ರೆ ಜೀವ ಬಾಯಿಗೆ ಬರುತ್ತೆ. ನೋಡೋರಿಗೆ ಗೊತ್ತಿರ್ಬೇಕು, ಪಾತ್ರಕ್ಕೆ ಗೊತ್ತಿರ್ಬಾರ್ದು. ನಾಟಕ ಅಂದ್ರೆ ಇಷ್ಟೇ ಕಣಯ್ಯಾ."

ಪಾಠ ಸರಿಯಾಗಿಯೇ ಇದೆ. ಹೇಳುವವರ ವಿಷಯದಲ್ಲಿ ಮಾತ್ರ ದೀಪದ ಬುಡದಲ್ಲಿ ಕತ್ತಲೆ.

ಈ ಪಾಠವನ್ನೇ ಹಿಗ್ಗಿಸಿ ಅವರು ಬರೆದದ್ದು ಅಲಮಾರಿ ನಾಟಕ. ಅದಕ್ಕೆ ಬೇರೆ ಗಂಭೀರವಾದ ಹೆಸರಿದೆ, ಆದರೆ ಟಿಕೆಟ್ ಕೇಳುವವರೂ ಅಲಮಾರಿ ನಾಟಕ ಅಂತಲೇ ಕೇಳುತ್ತಾರೆ. ಮುಂಗೋಪಿ ಅಪ್ಪ ಮಗನನ್ನು ಮನೆಯಿಂದ ಹೊರಹಾಕಿದ್ದಾನೆ. ಮೊದಲ ಅಂಕದಲ್ಲಿ ಮಗಳು ಅಣ್ಣನನ್ನು ಕದ್ದು ಒಳಗೆ ಕರೆತಂದು ಅಲಮಾರಿಯಲ್ಲಿ ಬಚ್ಚಿಡುತ್ತಾಳೆ. ಎರಡನೇ ಅಂಕದಲ್ಲಿ ಅಪ್ಪ ಅದೇ ಅಲಮಾರಿಗೆ ಕುರ್ಚಿ ಒರಗಿಸಿ ಕೂತು ಮಗನನ್ನು ಹಿಗ್ಗಾಮುಗ್ಗಾ ಬೈಯುತ್ತಾನೆ. ಬೈಯುತ್ತಾ ಬೈಯುತ್ತಾ ದನಿ ಇಳಿಯುತ್ತದೆ. ಮಗ ಕೇಳಿಸಿಕೊಳ್ಳುತ್ತಿದ್ದಾನೆ ಅನ್ನುವುದು ಎದುರಿಗೆ ಕೂತವರಿಗೆಲ್ಲ ಗೊತ್ತು, ಆ ಮುದುಕನಿಗೆ ಗೊತ್ತಿಲ್ಲ. ಕೊನೆಗೆ ಅವನು "ಬೈದದ್ದು ಬಾಯಿ. ಕಾದದ್ದು ನಾನು" ಅನ್ನುತ್ತಾನೆ. ಆ ಮಾತು ಊರಲ್ಲಿ ಎಷ್ಟು ಬಳಕೆಗೆ ಬಂದಿದೆಯೆಂದರೆ ಗಂಡ ಹೆಂಡತಿ ಜಗಳದಲ್ಲೂ ಅದನ್ನು ಆಡುವವರಿದ್ದಾರೆ. ಆಮೇಲೆ ಸೊಂಟದ ಬೀಗದ ಕೈ ತೆಗೆದು ಅಲಮಾರಿ ತೆರೆಯುತ್ತಾನೆ. ಮಗ ಎದುರಿಗೆ ನಿಂತಿರುತ್ತಾನೆ. ಅಪ್ಪ ಬೈಯುವುದಿಲ್ಲ, ಅಳುವುದೂ ಇಲ್ಲ. "ಊಟ ಆಯ್ತೇನೋ?" ಅನ್ನುತ್ತಾನೆ. ಮಗನದು ಒಂದೇ ಮಾತಿನ ಉತ್ತರ, ಪರದೆ.

ಅಪ್ಪನ ಪಾತ್ರ ನನ್ನ ಭಾವನವರದು. ಭಾವ ಅಂದರೆ ಇವರ ಅಣ್ಣ. ಮದುವೆ ಮಾಡಿಕೊಂಡವರಲ್ಲ, ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತಾರೆ. ಇವರನ್ನು ರಂಗಕ್ಕೆ ಹತ್ತಿಸಿದವರು ಅವರೇ. ಆ ಕಥೆಯನ್ನು ಇವರು ಬಂದವರಿಗೆಲ್ಲ ನಗುತ್ತಾ ಹೇಳುತ್ತಾರೆ: ಇವರಿನ್ನೂ ಚಡ್ಡಿ ಹಾಕುವ ವಯಸ್ಸು, ರಾಜನ ಮುಂದೆ ಒಂದೇ ಒಂದು ಮಾತು ಹೇಳಬೇಕಿತ್ತು, ದೀಪ ನೋಡಿ ಮಾತು ಮರೆತು ಕಂಬದ ಹಾಗೆ ನಿಂತರಂತೆ. ರಾಜನಾಗಿದ್ದ ಭಾವ ತಲೆ ಸವರುವ ನೆಪದಲ್ಲಿ ಬಗ್ಗಿ, ಕಿವಿಯಲ್ಲಿ ಮಾತು ಹೇಳಿಕೊಟ್ಟರಂತೆ. ಇವರು ನಟನಾಗಲಿಲ್ಲ. ಅವಮಾನ ಬರವಣಿಗೆಗೆ ಹಚ್ಚಿತು ಅಂತ ನನ್ನ ಲೆಕ್ಕ.

ಬಹುಶಃ ಅದಕ್ಕೇ ಮಾತು ಮರೆಯುವವರನ್ನು ಕಂಡರೆ ಇವರಿಗೆ ಆಗುವುದಿಲ್ಲ. ಒಮ್ಮೆ ಸೇವಕನ ಪಾತ್ರದವನೊಬ್ಬ ಎರಡು ಮಾತು ನುಂಗಿದ. ಮುಖದ ಬಣ್ಣ ಒರೆಸಲೂ ಬಿಡದೆ ಅವನನ್ನು ಬೀದಿಗೆ ಕಳಿಸಿದರು. "ಮಾತು ಮರೆತವನಿಗೆ ಇಲ್ಲಿ ಜಾಗ ಇಲ್ಲ. ನಮ್ಮಣ್ಣ ಆದ್ರೂ ಅಷ್ಟೆ" ಅಂದರು. ಭಾವ ಅಲ್ಲೇ ಕೂತು ಮೀಸೆ ಬಿಚ್ಚುತ್ತಿದ್ದರು. ತಲೆಯಾಡಿಸಿದರು.

ಮೊದಲು ಗೊತ್ತಾದದ್ದು ನನಗೆ. ಕಂಪನಿಯಲ್ಲಿ ನನ್ನ ಕೆಲಸವೇ ರಂಗದ ಪಕ್ಕದಲ್ಲಿ ಹಾಳೆ ಹಿಡಿದು ಕೂತು, ಮರೆತವರಿಗೆ ಮಾತು ಎತ್ತಿಕೊಡುವುದು. ಭಾವನಿಗೆ ಎತ್ತಿಕೊಡುವ ಪ್ರಸಂಗ ಯಾವತ್ತೂ ಬಂದಿರಲಿಲ್ಲ. ಅವತ್ತು ಎರಡನೇ ಅಂಕದ ನಡುವೆ ಅವರು ನಿಂತರು. ಮಗಳ ಪಾತ್ರದವಳು ಚುರುಕಿನ ಹೆಂಗಸು, "ಏನಪ್ಪಾ, ಅವನು ಚಿಕ್ಕವನಿದ್ದಾಗ ಗಡಿಯಾರ ಒಡೆದದ್ದು ನೆನಪಾಯ್ತಾ?" ಅಂತ ಅವರ ಮಾತನ್ನೇ ಪ್ರಶ್ನೆ ಮಾಡಿ ಎಸೆದಳು. ಭಾವ ಹೌದೆಂದು ಅಲ್ಲಿಂದ ಹಿಡಿದುಕೊಂಡು ಹೋದರು. ಪರದೆ ಬಿದ್ದ ಮೇಲೆ ನನ್ನನ್ನು ಕರೆದರು.

"ಈ ಬೀಗದ ಕೈ ಯಾವ ಮನೇದಮ್ಮಾ?" ಅಂದರು.

"ನಾಟಕದ್ದು ಭಾವ. ಅಲಮಾರೀದು."

"ಹೌದಲ್ಲ." ಸ್ವಲ್ಪ ಹೊತ್ತು ಅದನ್ನೇ ತಿರುಗಿಸಿ ನೋಡಿದರು. "ನೆನಪೆಲ್ಲ ಕೊಚ್ಚಿಕೊಂಡು ಹೋಗ್ತಾ ಇದೆ ಕಣಮ್ಮ. ಡಾಕ್ಟರು ಇದು ಹೀಗೇನೇ, ಹಿಂದಕ್ಕೆ ಬರಲ್ಲ ಅಂದ್ರು. ರಂಗದ ಮೇಲೆ ನಿಂತಾಗ ಮಾತ್ರ ನಾನು ಯಾರು ಅಂತ ಗೊತ್ತಿರುತ್ತೆ. ಅಲ್ಲಿಂದ ಇಳಿಸಿದ್ರೆ..." ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ತಮ್ಮನಿಗೆ ಹೇಳ್ಬೇಡ. ಎಷ್ಟು ದಿನ ನಡೆಯುತ್ತೋ ನಡೀಲಿ."

ಹೇಳುವುದಿಲ್ಲ ಅಂದೆ. ಇದರಲ್ಲಿ ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಯೋಚಿಸಿದ್ದರೂ ಅದನ್ನೇ ಅನ್ನುತ್ತಿದ್ದೆ.

ತೊಡಕಿದ್ದದ್ದು ಬೇರೆ. ರಂಗದ ಪಕ್ಕದಿಂದ ಪಿಸುಗುಟ್ಟಿದರೆ ಅವರಿಗೆ ಕೇಳುತ್ತಿರಲಿಲ್ಲ. ಅವರು ಕೂರುವುದು ನಟ್ಟನಡುವೆ, ಅಲಮಾರಿಗೆ ಒರಗಿ. ಮಗನ ಪಾತ್ರ ಮಾಡುವ ಉದ್ದಣ್ಣನೇ ಉಪಾಯ ಹೇಳಿದ. ಅವನು ಅಲಮಾರಿ ಹೊಕ್ಕ ಮೇಲೆ, ಅದರ ಹಿಂಬದಿಗೆ ಹಲಗೆಯ ಬದಲು ಕಟ್ಟಿದ ಬಟ್ಟೆ ಎತ್ತಿ ಹೊರಗೆ ಬಂದು ಸಿಗರೇಟು ಸೇದಿ, ಕೊನೆಯಲ್ಲಿ ಮತ್ತೆ ಹೋಗಿ ನಿಲ್ಲುವುದು ವಾಡಿಕೆ. "ನಾನು ಹೊರಗಿದ್ದಷ್ಟು ಹೊತ್ತು ನೀವು ಒಳಗಿರಿ ಅತ್ತಿಗೆ. ಅವರ ಕಿವಿಗೂ ನಿಮ್ಮ ಬಾಯಿಗೂ ಮಧ್ಯೆ ಒಂದು ಹಲಗೆ ಅಷ್ಟೆ" ಅಂದ. ಬಡಗಿ ಆ ಹಲಗೆಯಲ್ಲಿ, ಭಾವನ ತಲೆಯ ಎತ್ತರಕ್ಕೆ, ಒಂದು ಸೀಳು ಬಿಟ್ಟುಕೊಟ್ಟ. ಗಂಡನಿಗೆ ಕಿಂಡಿ ಕೊರೆದವನೇ ಹೆಂಡತಿಗೂ ಕೊರೆದ. ಒಂದು ಸ್ಟೂಲು, ಸಣ್ಣ ಟಾರ್ಚು, ಹಾಳೆಗಳು, ಇವು ನನ್ನ ಸಂಸಾರ. "ಬೀಗ ತುಕ್ಕು ಹಿಡಿದಿದೆ" ಅಂತ ಭಾವ ಅಂದ ಕೂಡಲೇ ನಾನು ಹಿಂದಿನಿಂದ ಹೊರಗೆ, ಉದ್ದಣ್ಣ ಒಳಗೆ.

ಹೀಗೆ ನಾಟಕ ನಡೆಯತೊಡಗಿತು. ನಾನು ಹೇಳಿದ್ದನ್ನು ಭಾವ ಹೇಳುತ್ತಿದ್ದರು. ನನ್ನ ದನಿಯಲ್ಲಿ ಅದು ಬರೀ ಅಕ್ಷರ, ಅವರ ಬಾಯಿಗೆ ಬಂದರೆ ಜೀವ. ಕೆಲವು ಸಲ ಮೊದಲ ಪದ ಸಾಕಾಗುತ್ತಿತ್ತು, ಕೆಲವು ಸಲ ಇಡೀ ವಾಕ್ಯವನ್ನೇ ಎರಡು ಸಲ ಹೇಳಬೇಕಾಗುತ್ತಿತ್ತು. ಆ ನಡುವೆ ರಂಗದ ಮೇಲೆ ಮೌನ. ಸೀಳಿನಿಂದ ನನಗೆ ಭಾವನ ಕತ್ತಿನ ಹಿಂಭಾಗ, ಅದರಾಚೆ ಮುಂದಿನ ಸಾಲಿನ ಕೆಲವು ಮುಖ ಕಾಣುತ್ತಿದ್ದವು. ಆ ಮುಖಗಳು ಮುಂದಕ್ಕೆ ಬಾಗಿರುತ್ತಿದ್ದವು.

ಅವರಿಗೆ ಗೊತ್ತಾಗಿತ್ತು. ಆ ಸಾಲಿನವರು ಈ ನಾಟಕವನ್ನು ಮತ್ತೆ ಮತ್ತೆ ನೋಡಿದವರು, ಪಿಸುಮಾತು ಅಲ್ಲಿಯವರೆಗೆ ಕೇಳುವುದೂ ಹೌದು. ಯಾರೂ ನಗಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಮುದುಕ ಈ ಮಾತು ದಾಟುತ್ತಾನೋ ಇಲ್ಲವೋ ಅಂತ ಕುರ್ಚಿಯ ಕೈ ಹಿಡಿದು ಕೂತರು. ದಾಟಿದಾಗ ಉಸಿರು ಬಿಟ್ಟರು. ಬಾಯಿಂದ ಬಾಯಿಗೆ ಸುದ್ದಿ ಹೋಗಿರಬೇಕು, ಹಿಂದಿನ ಸಾಲುಗಳೂ ಮುಂದಕ್ಕೆ ಬಾಗತೊಡಗಿದವು.

ಕಿಂಡಿಯಲ್ಲಿ ಕಣ್ಣಿಟ್ಟ ನನ್ನ ಗಂಡನಿಗೆ ಹಬ್ಬ.

"ನೋಡಿದ್ಯಾ, ನೋಡಿದ್ಯಾ?" ಮನೆಗೆ ಬರುವ ದಾರಿಯುದ್ದಕ್ಕೂ ಅದೇ. "ಎರಡನೇ ಅಂಕದಲ್ಲಿ ಒಂದು ಕೆಮ್ಮಿಲ್ಲ! ಗಂಟಲು ಸರಿ ಮಾಡ್ಕೊಳ್ಳೋಕೂ ಹೆದರ್ತಾರೆ. ಅಲಮಾರಿ ಒಳಗೆ ಯಾರಿದ್ದಾರೆ ಅಂತ ಅವರಿಗೆ ಗೊತ್ತು, ನಮ್ಮಣ್ಣನಿಗೆ ಗೊತ್ತಿಲ್ಲ. ಇದೇ ನಾನು ಹೇಳೋದು!"

"ಹೌದು, ಗೊತ್ತಿಲ್ಲದವರು ಪಾಪ" ಅಂದೆ.

"ಮತ್ತೆ ಅಣ್ಣ ಈಗ ಕೊಡ್ತಾ ಇರೋ ಮೌನ! ಈ ವಯಸ್ಸಿನಲ್ಲಿ ಬರೋ ಮೌನವೇ ಬೇರೆ ಕಣೇ. ಕಲಿಸಿದ್ರೆ ಬರಲ್ಲ."

ಮನೆಯಲ್ಲೂ ಹಾಗೇ. ಭಾವ ಕನ್ನಡಕವನ್ನು ಸಕ್ಕರೆ ಡಬ್ಬಿಯಲ್ಲಿ ಇಟ್ಟರೆ "ಪಾತ್ರದಲ್ಲಿ ಮುಳುಗಿದ್ದಾನೆ" ಅನ್ನುತ್ತಿದ್ದರು. ಊಟ ಮಾಡಿದವರು ಮತ್ತೆ ತಟ್ಟೆ ಹಿಡಿದು ಬಂದರೆ "ಹಸಿವು ಚೆನ್ನಾಗಿದೆ" ಅನ್ನುತ್ತಿದ್ದರು. ನೂರಾರು ಮುಖ ಓದುವ ಮನುಷ್ಯ ಎದುರಿಗೆ ಕೂತು ಊಟ ಮಾಡುವ ಮುಖ ಓದಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಓದಿಬಿಟ್ಟರೆ ಅನ್ನುವ ಹೆದರಿಕೆಯೂ ಇತ್ತು. ಎರಡೂ ಒಟ್ಟಿಗೇ ಇರುತ್ತಿದ್ದವು.

ಎಡವಟ್ಟಾದದ್ದು ಅವರ ಆ ಸಂತೋಷದಿಂದ. ಒಂದು ಬೆಳಿಗ್ಗೆ ಬರೆಯುವ ಕೋಣೆಯಿಂದ ಮದುಮಗನ ಹಾಗೆ ಹೊರಗೆ ಬಂದು, ಭಾವನ ಕೈಗೆ ಹೊಸ ಹಾಳೆಗಳನ್ನು ಕೊಟ್ಟರು. "ಅಣ್ಣಾ, ಎರಡನೇ ಅಂಕ ಬೆಳೆಸಿದ್ದೀನಿ. ಜನ ಇನ್ನೂ ತಡ್ಕೋತಾರೆ. 'ಬೈದದ್ದು ಬಾಯಿ'ಗೆ ಮುಂಚೆ ಇದಿಷ್ಟೂ ನೀನೊಬ್ಬನೇ ಹೇಳ್ಬೇಕು. ಶನಿವಾರಕ್ಕೆ ಇಳಿಸೋಣ."

ಭಾವ ಹಾಳೆಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಚೆನ್ನಾಗಿ ಬರ್ದಿದ್ದೀಯ" ಅಂದರು, ಇನ್ನೂ ಓದಿರಲಿಲ್ಲ.

ಹಳೆಯ ಮಾತುಗಳಾದರೆ ಎಲ್ಲೋ ಒಂದು ಎಳೆ ಒಳಗೆ ಇರುತ್ತಿತ್ತು, ಎಳೆದರೆ ಬರುತ್ತಿತ್ತು. ಹೊಸದು ನೀರಿನ ಮೇಲೆ ಬರೆದ ಹಾಗೆ. ಬೆಳಿಗ್ಗೆ ಹೇಳಿಕೊಟ್ಟದ್ದು ಮಧ್ಯಾಹ್ನಕ್ಕೆ ಇರಲಿಲ್ಲ. ಸಂಜೆಯ ಹೊತ್ತಿಗೆ ಆ ಹಾಳೆಗಳೇ ಯಾವುವು ಅಂತ ಕೇಳುತ್ತಿದ್ದರು. "ಅಷ್ಟು ಉದ್ದ ಬೇಡ, ಒಂದು ಹಾಳೆ ಕಡಿಮೆ ಮಾಡಿ" ಅಂತ ಇವರಿಗೆ ಹೇಳಿನೋಡಿದೆ. "ನಿನಗೆ ಜನದ ಮುಖ ಗೊತ್ತಿಲ್ಲ" ಅಂದರು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಶನಿವಾರ ಸಭೆ ಕಿಕ್ಕಿರಿದ ಆಟ. ನಾನು ಅಲಮಾರಿಯಲ್ಲಿ ಹೊಸ ಹಾಳೆಗಳನ್ನು ಮೊಣಕಾಲ ಮೇಲೆ ಹರಡಿಕೊಂಡು ಕೂತೆ. ಬೈಗುಳದ ಭಾಗ ಹೇಗೋ ಸಾಗಿತು. ಹೊಸ ಭಾಗ ಬಂತು. ಒಂದೊಂದು ತುಣುಕಾಗಿ ಹೇಳಿದೆ, ಅವರು ಒಂದೊಂದಾಗಿ ತೆಗೆದುಕೊಂಡರು. ಮಗು ಮೆಟ್ಟಿಲು ಹತ್ತುವ ಹಾಗೆ ನಡೆಯಿತು. ಹಾಳೆ ಮುಗಿಯುವ ಹೊತ್ತಿಗೆ ನನ್ನ ಬೆನ್ನು ಒದ್ದೆಯಾಗಿತ್ತು. ಇನ್ನು ಹಳೆಯ ದಾರಿ, ಗೆದ್ದೆವು ಅಂದುಕೊಂಡು "ಬೈದದ್ದು ಬಾಯಿ" ಅಂದೆ.

ಭಾವ ಸುಮ್ಮನಿದ್ದರು.

ಮತ್ತೆ ಹೇಳಿದೆ. ಕತ್ತು ಅಲುಗಲಿಲ್ಲ. ಇನ್ನೊಂದು ಸಲ, ಕೇಳಿದರೆ ಕೇಳಲಿ ಅಂತ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಆಗ ಅವರು ಕುರ್ಚಿಯಲ್ಲೇ ಅರ್ಧ ತಿರುಗಿ, ಮನೆಯಲ್ಲಿ ಕೇಳುವ ಹಾಗೆಯೇ, ಎಲ್ಲರಿಗೂ ಕೇಳುವಂತೆ ಅಂದರು:

"ಏನಮ್ಮಾ? ಎಲ್ಲಿದ್ದೀವಿ ನಾವು?"

ಸೀಳಿನಾಚೆ ಮುಂದಿನ ಸಾಲು ಕಾಣುತ್ತಿತ್ತು. ಒಬ್ಬ ಮುದುಕಿಯ ತುಟಿ ಅಲುಗಿತು. ಅವಳ ಪಕ್ಕದವನದೂ ಅಲುಗಿತು. ದನಿಯಿಲ್ಲ, ತುಟಿ ಮಾತ್ರ. ಬೈದದ್ದು ಬಾಯಿ, ಬೈದದ್ದು ಬಾಯಿ. ಮಗುವಿಗೆ ತುತ್ತು ಕೊಡುವಾಗ ತಾಯಿಯ ಬಾಯಿ ತಾನಾಗಿ ತೆರೆಯುತ್ತದಲ್ಲ, ಹಾಗೆ.

ನನಗೆ ಕಂಡದ್ದು ಕೆಲವೇ ಮುಖ. ಕಿಂಡಿಯಿಂದ ಇಡೀ ಸಭೆ ಕಾಣುತ್ತದೆ.

ಬೆನ್ನ ಹಿಂದೆ ಬಟ್ಟೆ ಎತ್ತಿದ ಹಾಗಾಯಿತು. ಉದ್ದಣ್ಣ ಅವಸರ ಮಾಡಿದನೆಂದು ತಿರುಗಿದೆ. ನನ್ನ ಗಂಡ ನಿಂತಿದ್ದರು. ಟಾರ್ಚು ನೋಡಿದರು, ಹಾಳೆ ನೋಡಿದರು, ಹಲಗೆಯ ಸೀಳು ನೋಡಿದರು. ಕೊನೆಗೆ ನನ್ನ ಮುಖ ನೋಡಿದರು. ಹೇಳುವುದಕ್ಕೆ ಸಮಯ ಇರಲಿಲ್ಲ, ಅವರಿಗೆ ಹೇಳಬೇಕಾದ್ದೂ ಏನೂ ಉಳಿದಿರಲಿಲ್ಲ. ಅಷ್ಟು ಮಾತು ಬರೆದ ಮನುಷ್ಯನ ಮುಖ ಖಾಲಿಯಾಗಿತ್ತು. ಸಿಟ್ಟೆಲ್ಲ ಇಳಿದು ನನಗೆ ಅವರ ಮೇಲೆ ಮರುಕ ಬಂತು.

ಕೈಸನ್ನೆಯಲ್ಲಿ ಏಳು ಅಂದರು. ನಾನು ಹೊರಗೆ ನುಸುಳಿದೆ. ಅವರು ಹೊಟ್ಟೆ ಒಳಗೆಳೆದುಕೊಂಡು ತೂರಿದರು. ಸೀಳಿಗೆ ಬಾಯಿ ಹಚ್ಚಿ, ಹಾಳೆ ನೋಡದೆ ಹೇಳಿದರು:

"ಬೈದದ್ದು ಬಾಯಿ."

ಪಕ್ಕಕ್ಕೆ ಬಂದು ನಿಂತ ನನಗೆ ಈಗ ಭಾವನ ಮುಖ ಕಾಣುತ್ತಿತ್ತು. ಅದು ನಿಧಾನವಾಗಿ ಬೆಳಗಿತು.

"ಬೈದದ್ದು ಬಾಯಿ" ಅಂದರು ಭಾವ. "ಕಾದದ್ದು ನಾನು."

ಸಭೆ ಒಟ್ಟಿಗೆ ಉಸಿರು ಬಿಟ್ಟ ಸದ್ದು ನನಗೂ ಕೇಳಿಸಿತು. ಭಾವ ಎದ್ದರು, ಸೊಂಟದಿಂದ ಬೀಗದ ಕೈ ತೆಗೆದರು. "ಬೀಗ ತುಕ್ಕು ಹಿಡಿದಿದೆ" ಅಂದರು. ಅದು ಒಳಗಿದ್ದವರು ಹೊರಬೀಳಬೇಕಾದ ಮಾತು. ಉದ್ದಣ್ಣ ಅಲಮಾರಿಯ ಹಿಂದೆ ನಿಂತು ಬಟ್ಟೆ ಜಗ್ಗುತ್ತಿದ್ದ, ಕೈಕಾಲು ಆಡಿಸುತ್ತಿದ್ದ. ನನ್ನ ಗಂಡ ಅಲುಗಲಿಲ್ಲ. ನಮ್ಮ ಏರ್ಪಾಡು ಅವರಿಗೆ ಗೊತ್ತಿರಲಿಲ್ಲ, ಸರಿ. ಆದರೆ ಬಾಗಿಲ ಹಿಂದೆ ಮಗ ನಿಂತಿರಬೇಕು ಅಂತ ಬರೆದವರೇ ಅವರಲ್ಲವೇ? ಬೇಕೆಂದೇ ಕೂತರೋ, ಮೈಮರೆತು ಕೂತರೋ ನಾನು ಈವರೆಗೆ ಕೇಳಿಲ್ಲ.

ಬಾಗಿಲು ತೆರೆಯಿತು. ಮೊದಲ ಅಂಕದಲ್ಲಿ ಒಳಗೆ ಹೋದವನು ಗುಂಗುರು ಕೂದಲಿನ ಉದ್ದನೆಯ ಯುವಕ. ಈಗ ಅಲ್ಲಿ ಸ್ಟೂಲಿನ ಮೇಲೆ, ಟಾರ್ಚು ಹಿಡಿದು, ಬೋಳು ತಲೆಯ ಗಿಡ್ಡ ಮನುಷ್ಯನೊಬ್ಬ ಕೂತಿದ್ದಾನೆ. ಹಿಂದಿನ ಸಾಲಿನಿಂದ ಯಾರೋ "ಅಷ್ಟು ಹೊತ್ತು ಕೂಡಿಹಾಕಿದ್ರೆ ಯಾರಿಗಾದ್ರೂ ವಯಸ್ಸಾಗುತ್ತೆ" ಅಂದ. ನಗು ಹರಡಿತು, ಬೇಗ ನಿಂತಿತು.

ಭಾವ ತಮ್ಮನನ್ನು ನೋಡುತ್ತಾ ನಿಂತರು. ಹೇಳಿಕೊಡುವವರು ಈಗ ಯಾರೂ ಇರಲಿಲ್ಲ.

"ಊಟ ಆಯ್ತೇನೋ?" ಅಂದರು.

ಮಗ ಹೇಳಬೇಕಾದದ್ದು ಒಂದೇ ಮಾತು: ಇಲ್ಲಪ್ಪ, ನೀವು ಕರೀಲಿ ಅಂತ ಕೂತಿದ್ದೆ. ನನ್ನ ಗಂಡ ಎದ್ದು ನಿಂತರು. ಬಾಯಿ ತೆರೆದರು. ದೀಪ ಅವರ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಜೀವಮಾನದಲ್ಲಿ ಎರಡನೇ ಸಲ ಅವರು ರಂಗದ ಮೇಲೆ ನಿಂತಿದ್ದರು, ಎರಡನೇ ಸಲವೂ ಅವರಿಗೆ ಮಾತು ಮರೆತುಹೋಗಿತ್ತು. ತಾವೇ ಬರೆದ ಮಾತು. ಹಾಳೆ ನನ್ನ ಕೈಯಲ್ಲಿತ್ತು, ನನ್ನ ನಾಲಿಗೆಯೂ ಏಳಲಿಲ್ಲ.

ಭಾವ ಒಂದು ಹೆಜ್ಜೆ ಹತ್ತಿರ ಹೋದರು. ತಲೆ ಸವರುವ ನೆಪದಲ್ಲಿ ಆ ಬೋಳು ತಲೆಯ ಮೇಲೆ ಕೈಯಿಟ್ಟು ಬಗ್ಗಿ, ಕಿವಿಯಲ್ಲಿ ಏನೋ ಹೇಳಿದರು. ತುಟಿ ಅಲುಗಿದ್ದು ನನಗೆ ಕಂಡಿತು.

"ಇಲ್ಲಣ್ಣ" ಅಂದರು ನನ್ನ ಗಂಡ. "ನೀನು ಕರೀಲಿ ಅಂತ ಕೂತಿದ್ದೆ."

ಪಾತ್ರದ ಮಾತು ತಪ್ಪಿತ್ತು. ಮಾತು ತಪ್ಪಿದವರಿಗೆ ಜಾಗ ಇಲ್ಲ ಅನ್ನುವ ಕಾನೂನು ಅವತ್ತು ಯಾರೂ ಎತ್ತಲಿಲ್ಲ. ಪರದೆ ಎಳೆಯುವವನು ಅಳುತ್ತಿದ್ದರಿಂದ ಪರದೆ ತಡವಾಗಿ ಬಿತ್ತು.

ಬಣ್ಣದ ಕೋಣೆಯಲ್ಲಿ ಭಾವ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದಾಗ ಕನ್ನಡಿಯಲ್ಲೇ ನನ್ನನ್ನು ನೋಡಿ, ದನಿ ತಗ್ಗಿಸಿ ಕೇಳಿದರು.

"ಹೇಗೋ ಆಯ್ತಲ್ಲಮ್ಮಾ. ತಮ್ಮನಿಗೆ ಗೊತ್ತಾಗ್ಲಿಲ್ಲ ತಾನೆ?"

ಗಂಡ ನನ್ನ ಹಿಂದೆಯೇ ಬರುತ್ತಿದ್ದವರು ಬಾಗಿಲಲ್ಲಿ ನಿಂತರು. ಭಾವನ ಮುಖದಲ್ಲಿ ಆಟವಾಗಲಿ ಮರೆಮಾಚುವಿಕೆಯಾಗಲಿ ಇರಲಿಲ್ಲ. ಅಲಮಾರಿ, ತಮ್ಮ, ಕಿವಿಯಲ್ಲಿ ಹೇಳಿದ ಮಾತು, ಎಲ್ಲ ಆ ಎಣ್ಣೆಯ ಬಟ್ಟೆಗೆ ಬಣ್ಣದ ಜೊತೆ ಹೋಗಿತ್ತು.

"ಇಲ್ಲ ಭಾವ" ಅಂದೆ. "ಏನೂ ಗೊತ್ತಾಗ್ಲಿಲ್ಲ."

ಇವರು ಸದ್ದಿಲ್ಲದೆ ಹಿಂದಕ್ಕೆ ಸರಿದರು. ಸ್ವಲ್ಪ ತಡೆದು, ಹೊರಗಿನಿಂದಲೇ ಚಪ್ಪಲಿ ಸದ್ದು ಮಾಡುತ್ತಾ, ಈಗಷ್ಟೇ ಬಂದವರ ಹಾಗೆ ಒಳಗೆ ಬಂದರು.

"ಅಣ್ಣಾ! ಎರಡನೇ ಅಂಕದಲ್ಲಿ ಎಂಥಾ ಮೌನ ಕೊಟ್ಟೆ ಮಾರಾಯಾ!" ಅಂದರು.

ಕೆಟ್ಟ ನಟನೆ. ದನಿ ನಡುವೆ ಒಡೆಯಿತು. ಆದರೆ ಭಾವ ನಂಬಿದರು, ಖುಷಿಯಿಂದ ಕತ್ತು ಎತ್ತಿದರು.

ಹೊಸ ಹಾಳೆಗಳನ್ನು ಇವರೇ ಹರಿದು ಹಾಕಿದರು. ಕಿಂಡಿಗೆ ಚಿಂದಿ ಬಟ್ಟೆ ತುರುಕಿದರು. ಮುಂದಿನ ಆಟದಿಂದ ಅಲಮಾರಿಯ ಕೆಲಸವನ್ನು ನನ್ನಿಂದ ಕಿತ್ತುಕೊಂಡರು. ನಾನು ಹೊರಗಿನಿಂದ ಬಟ್ಟೆ ಎತ್ತಿ ಹಿಡಿಯುತ್ತೇನೆ, ಅವರು ಹೊಟ್ಟೆ ಎಳೆದುಕೊಂಡು ಒಳಗೆ ತೂರುತ್ತಾರೆ. ಮಾತು ಎತ್ತಿಕೊಡುವಾಗ ನನ್ನ ಹಾಗೆ ಸಣ್ಣ ದನಿ ಮಾಡುತ್ತಾರೆ, ತಮ್ಮನಿಗೆ ಗೊತ್ತಾಯಿತು ಅಂತ ಭಾವನಿಗೆ ಗೊತ್ತಾಗಬಾರದಲ್ಲ. ಹೆಂಗಸಿನ ದನಿ ಅವರಿಗೆ ಬರುವುದಿಲ್ಲ. ಬೆಕ್ಕಿಗೆ ನೆಗಡಿಯಾದ ಹಾಗೆ ಕೇಳುತ್ತದೆ. ಮುಂದಿನ ಸಾಲಿನವರಿಗೆ ಅದೂ ಗೊತ್ತು, ಉದ್ದಣ್ಣನಿಗೂ ಬಡಗಿಗೂ ಗೊತ್ತು. ಯಾರೂ ತುಟಿ ಬಿಚ್ಚುವುದಿಲ್ಲ.

ಮೊನ್ನೆ ಆಟ ಮುಗಿದ ಮೇಲೆ ಭಾವ ನನ್ನನ್ನು ಪಕ್ಕಕ್ಕೆ ಕರೆದರು. ಅತ್ತ ಇತ್ತ ನೋಡಿ, ತಮ್ಮ ದೂರದಲ್ಲಿದ್ದಾನೆ ಅಂತ ಖಾತ್ರಿ ಮಾಡಿಕೊಂಡರು.

"ನಿನ್ನ ಗಂಟಲು ಕಟ್ಟಿದ ಹಾಗಿದೆಯಲ್ಲಮ್ಮಾ" ಅಂದರು. "ಬಿಸಿನೀರು ಕುಡಿ. ಹೀಗೇ ಆದ್ರೆ ಅವನಿಗೆ ಅನುಮಾನ ಬರುತ್ತೆ."

ಕುಡಿತೀನಿ ಭಾವ ಅಂದೆ.